ಮುಚ್ಚಳದ ಮೇಲಿನ ಎರಡು ಗೆರೆ

2022ರ ಅಕ್ಟೋಬರ್ ಹನ್ನೊಂದು, ಮಂಗಳವಾರ, ಮಧ್ಯಾಹ್ನ ಎರಡು ಗಂಟೆ ಹದಿನೇಳು ನಿಮಿಷ. ನಾರ್ತ್ ಕ್ಯಾರೊಲೈನಾದ ಮಾರಿಸ್‌ವಿಲ್‌ನ ಒಂದು ಅಪಾರ್ಟ್‌ಮೆಂಟಿನ ಬಾತ್‌ರೂಮಿನಲ್ಲಿ ನಿಂತು ಸಿದ್ದೇಶ್ವರಿ ಒಂದು ಕಾಗದದ ಪಟ್ಟಿಯನ್ನು ಪುಟ್ಟ ಪ್ಲಾಸ್ಟಿಕ್ ಲೋಟದಲ್ಲಿ ಅದ್ದಿ ಹಿಡಿದುಕೊಂಡು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸುತ್ತಿದ್ದಳು. ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅದರೊಳಗೆ ಹನ್ನೊಂದು ಜನ ಸೇರಿ, ಒಂದು ಮಾತ್ರೆ ನೀರಿನಲ್ಲಿ ಕರಗಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಚರ್ಚಿಸುತ್ತಿದ್ದರು. ತನ್ನ ಮೈಕು ಮ್ಯೂಟ್ ಆಗಿದೆ ಎಂಬುದನ್ನು ಅವಳು ಮೂರು ಸಲ ಖಾತ್ರಿ ಮಾಡಿಕೊಂಡಿದ್ದಳು.

ಸಿದ್ದೇಶ್ವರಿ ಮುಧೋಳದವಳು. ಧಾರವಾಡದಲ್ಲಿ ರಸಾಯನಶಾಸ್ತ್ರದ ಎಂ.ಎಸ್ಸಿ. ಮುಗಿಸಿದವಳು ಈಗ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಒಂದು ಔಷಧ ಕಂಪನಿಯಲ್ಲಿ ಗುಣಮಟ್ಟ ಪರೀಕ್ಷೆಯ ಲ್ಯಾಬಿನಲ್ಲಿದ್ದಾಳೆ. ಅಲ್ಲಿ ಅವಳಿಗೊಂದು ಹೆಸರಿದೆ. ಲೇಬಲ್ ಇಲ್ಲದ ಸ್ಯಾಂಪಲ್ ಮೇಜಿನ ಮೇಲೆ ಕಂಡರೆ ಅದನ್ನು ಮೊದಲು ಕಸಕ್ಕೆ ಹಾಕುತ್ತಾಳೆ, ಯಾರದ್ದೆಂದು ಆಮೇಲೆ ಕೇಳುತ್ತಾಳೆ. ಮನೆಯಲ್ಲೂ ಅದೇ ರೀತಿ. ಫ್ರಿಜ್ಜಿನಲ್ಲಿಟ್ಟ ದೋಸೆ ಹಿಟ್ಟಿನ ಪಾತ್ರೆಗೂ ರುಬ್ಬಿದ ದಿನಾಂಕ, ಗಂಟೆ ಬರೆದ ಚೀಟಿ ಅಂಟಿರುತ್ತದೆ. ಒಮ್ಮೆ ಊಟಕ್ಕೆ ಬಂದ ಗೆಳತಿ ಶೀತಲ್ ಆ ಚೀಟಿ ನೋಡಿ, ಇದಕ್ಕೆ ಎಕ್ಸ್‌ಪೈರಿ ಹಾಕಿಲ್ಲವಲ್ಲ ಎಂದು ಕಾಲೆಳೆದಿದ್ದಳು. ಸಿದ್ದೇಶ್ವರಿ ಪೆನ್ನು ತಂದು ಅದನ್ನೂ ಬರೆದಿದ್ದಳು.

ಅವಳ ಗಂಡ ರವಿಕಿರಣ್ ಇರುವುದು ಇನ್ನೂರ ಎಪ್ಪತ್ತು ಮೈಲಿ ದೂರದ ಆಶ್‌ಬರ್ನ್‌ನಲ್ಲಿ, ಒಂದು ಡೇಟಾ ಸೆಂಟರಿನಲ್ಲಿ. ಇಬ್ಬರ ಕೆಲಸ, ಇಬ್ಬರ ವೀಸಾ ಎರಡು ರಾಜ್ಯಗಳಲ್ಲಿ ಸಿಕ್ಕಿಕೊಂಡು ಮೂರು ವರ್ಷವಾಗಿತ್ತು. ಎರಡು ವಾರಕ್ಕೊಮ್ಮೆ ಅವನು ಬರುತ್ತಿದ್ದ. ಆದರೆ ಹೆಣ್ಣಿನ ದೇಹ ಅಂಡವನ್ನು ಬಿಡುಗಡೆ ಮಾಡುವುದು ತಿಂಗಳಿಗೊಮ್ಮೆ, ಆ ಅಂಡ ಬದುಕುವುದು ಒಂದೇ ದಿನ, ಮತ್ತು ಅದು ಶನಿವಾರವೇ ಆಗಬೇಕೆಂಬ ನಿಯಮವೇನೂ ಇಲ್ಲ. ಸಿದ್ದೇಶ್ವರಿಗೆ ಮೂವತ್ತಾರು ತುಂಬಿದಾಗ ಅವಳು ಈ ವಿಷಯವನ್ನೂ ಲ್ಯಾಬಿನ ಶಿಸ್ತಿಗೆ ಒಳಪಡಿಸಿದಳು. ಐವತ್ತರ ಕಟ್ಟಿನಲ್ಲಿ ಬರುವ ಪಟ್ಟಿಗಳನ್ನು ತರಿಸಿದಳು. ಅಂಡ ಹೊರಬೀಳುವ ಒಂದು ದಿನ, ಒಂದೂವರೆ ದಿನ ಮೊದಲು ಎಲ್‌ಎಚ್ ಎಂಬ ಹಾರ್ಮೋನು ಒಮ್ಮೆಲೇ ಏರುತ್ತದೆ. ಮೂತ್ರದಲ್ಲಿ ಅದು ಕಂಡರೆ ಪಟ್ಟಿಯ ಮೇಲಿನ ಎರಡನೇ ಗೆರೆ ಮೊದಲನೆಯದರಷ್ಟೇ ಕಪ್ಪಾಗುತ್ತದೆ. ಬೆಳಗ್ಗೆಗಿಂತ ಮಧ್ಯಾಹ್ನ ನೋಡುವುದು ಒಳ್ಳೆಯದು, ಅದಕ್ಕೆ ಎರಡು ತಾಸು ಮೊದಲು ನೀರು ಕುಡಿಯಬಾರದು, ಐದು ನಿಮಿಷಕ್ಕೆ ಓದಬೇಕು, ಹತ್ತು ನಿಮಿಷ ದಾಟಿದರೆ ಓದಬಾರದು. ಓದಿದ ಪಟ್ಟಿಯನ್ನು ಅವಳು ದಿನಾಂಕ ಬರೆದು ನೋಟ್‌ಬುಕ್ಕಿಗೆ ಅಂಟಿಸುತ್ತಿದ್ದಳು. ಎರಡು ಗೆರೆ ಕಪ್ಪಾದ ದಿನ, ಔಷಧದ ಕಂತು ಪರೀಕ್ಷೆಯಲ್ಲಿ ಪಾಸಾದಾಗ ಲ್ಯಾಬಿನಲ್ಲಿ ಹೇಳುವ ಮಾತಿನಲ್ಲೇ ರವಿಕಿರಣನಿಗೆ ಒಂದು ಮೆಸೇಜು ಹೋಗುತ್ತಿತ್ತು: “ಬ್ಯಾಚ್ ರಿಲೀಸ್.” ಅವನು ಮ್ಯಾನೇಜರಿಗೆ ಏನಾದರೊಂದು ಕಾರಣ ಹೇಳಿ ಕಾರು ಹತ್ತುತ್ತಿದ್ದ. ಆ ವರ್ಷ ಅವನ ಹಲ್ಲಿಗೆ ನಾಲ್ಕು ಸಲ ಚಿಕಿತ್ಸೆಯಾಗಿತ್ತು.

ಆದರೂ ಐದು ತಿಂಗಳು ಏನೂ ಆಗಿರಲಿಲ್ಲ. ಈ ಆರನೇ ತಿಂಗಳಿಗೆ ಇನ್ನೊಂದು ತೊಡಕು ಸೇರಿಕೊಂಡಿತ್ತು. ಪಾಸ್‌ಪೋರ್ಟಿಗೆ ಹೊಸ ವೀಸಾ ಅಂಟಿಸಿಕೊಳ್ಳಲು, ಅಂದರೆ ಸ್ಟ್ಯಾಂಪಿಂಗಿಗಾಗಿ, ರವಿಕಿರಣ್ ಅಕ್ಟೋಬರ್ ಇಪ್ಪತ್ತಮೂರಕ್ಕೆ ಊರಿಗೆ ಹೊರಡಬೇಕಿತ್ತು. ಹೋದವರು ಯಾವಾಗ ವಾಪಸ್ ಬರುತ್ತಾರೆಂದು ಆಗ ಯಾರೂ ಹೇಳುವ ಸ್ಥಿತಿಯಲ್ಲಿರಲಿಲ್ಲ. ಪರಿಚಯದ ಒಬ್ಬರು ಮೂರು ವಾರಕ್ಕೆಂದು ಹೋದವರು ಒಂಬತ್ತು ತಿಂಗಳು ಅಲ್ಲೇ ಉಳಿದಿದ್ದರು. ಹಾಗಾಗಿ ಸಿದ್ದೇಶ್ವರಿಯ ಪಾಲಿಗೆ ಉಳಿದಿದ್ದದ್ದು ಈ ಒಂದು ತಿಂಗಳ ಒಂದು ದಿನ. ಊರಿನ ಪ್ರಯಾಣಕ್ಕೆ ತೆಗೆದಿಟ್ಟದ್ದು ಬಿಟ್ಟರೆ ರವಿಕಿರಣನ ಬಳಿ ಉಳಿದಿದ್ದ ರಜೆ ಎರಡು ದಿನ. ಇದರಲ್ಲಿ ಲೆಕ್ಕ ತಪ್ಪುವಂತಿರಲಿಲ್ಲ.

ಮನೆಯಲ್ಲಿ ಅತ್ತೆ ಬಸವ್ವ ಇದ್ದರು. ಬೈಲಹೊಂಗಲದವರು, ಅರವತ್ತೆರಡು ವರ್ಷ, ಸಕ್ಕರೆ ಕಾಯಿಲೆ. ಆರು ತಿಂಗಳಿಗೆಂದು ಬಂದವರು, ಮಗನ ಜೊತೆಗೇ ವಾಪಸ್ ಹೊರಡುವವರಿದ್ದರು. ಅವರ ಸಲುವಾಗಿ ಸಿದ್ದೇಶ್ವರಿ ಆ ತಿಂಗಳು ದಾಖಲೆ ಬರೆಯುವ ಕೆಲಸ ಕೇಳಿ ಪಡೆದು ಮನೆಯಿಂದಲೇ ಮಾಡುತ್ತಿದ್ದಳು. ಬಂದ ಎರಡನೇ ವಾರವೇ ಬಸವ್ವ ಆ ನೋಟ್‌ಬುಕ್ ನೋಡಿ ಇವೇನೆಂದು ಕೇಳಿದ್ದರು. ಎಂ.ಎಸ್ಸಿ. ಮಾಡಿದ ಸೊಸೆ, ಬಾಯಿಗೆ ಬಂದ ಮೊದಲ ಸುಳ್ಳನ್ನು ಹೇಳಿಬಿಟ್ಟಿದ್ದಳು: ಶುಗರ್ ನೋಡುವ ಪಟ್ಟಿ.

ಮಂಗಳವಾರ ಎರಡು ಗಂಟೆ ಹದಿನೆಂಟು ನಿಮಿಷಕ್ಕೆ ಅವಳು ಪಟ್ಟಿಯನ್ನು ಎಂದಿನಂತೆ ಸೋಪಿನ ಡಬ್ಬಿಯ ಮುಚ್ಚಳದ ಮೇಲೆ ಮಲಗಿಸಿದಳು. ಅಷ್ಟರಲ್ಲಿ ಇಯರ್‌ಫೋನಿನೊಳಗೆ ಯಾರೋ ಅವಳ ಹೆಸರು ಕರೆದು, ಹೋದ ವಾರದ ಅಂಕಿ ಓದಿ ಎಂದರು. ಅವಳು ಓಡಿ ಹೋಗಿ ಲ್ಯಾಪ್‌ಟಾಪಿನ ಮುಂದೆ ಕೂತಳು. ಒಂದು ಅಂಕಿಗೆ ನಾಲ್ಕು ಪ್ರಶ್ನೆ ಹುಟ್ಟಿದವು. ವಾಪಸ್ ಬರುವಷ್ಟರಲ್ಲಿ ಎರಡು ಗಂಟೆ ಮೂವತ್ತೊಂದು.

ಮುಚ್ಚಳದ ಮೇಲೆ ಪಟ್ಟಿ ಇತ್ತು. ಪಟ್ಟಿಯ ಮೇಲೆ ಕಾಡಿಗೆಯಿಂದ ಎಳೆದಂಥ ಎರಡು ಗೆರೆ ಇದ್ದವು.

ಮುಟ್ಟಾದಂದಿನಿಂದ ಎಣಿಸಿದರೆ ಇದು ಅವಳ ಹನ್ನೆರಡನೇ ದಿನ. ಎರಡನೇ ಗೆರೆ ಯಾವತ್ತೂ ಹದಿನೈದಕ್ಕೆ ಮೊದಲು ಕಪ್ಪಾದದ್ದಿಲ್ಲ. ಓದುವ ಹೊತ್ತು ಮೂರು ನಿಮಿಷ ಮೀರಿತ್ತು. ಸ್ಯಾಂಪಲ್ಲನ್ನು ಲೇಬಲ್ ಇಲ್ಲದೆ, ಕಾವಲಿಲ್ಲದೆ ಬಿಟ್ಟು ಹೋಗಿದ್ದಾಗಿತ್ತು. ಇದನ್ನು ಲ್ಯಾಬಿನಲ್ಲಿ ಬೇರೆ ಯಾರಾದರೂ ಮಾಡಿದ್ದರೆ ಅವಳು ಎರಡು ಪುಟದ ವರದಿ ಬರೆಯುತ್ತಿದ್ದಳು. ಆದರೆ ಬೇಕಾದ ಫಲಿತಾಂಶ ಬಂದಾಗ ಕಣ್ಣು ಸ್ವಲ್ಪ ಉದಾರವಾಗುತ್ತದೆ. ಅವಳು ಆ ಪಟ್ಟಿಯನ್ನು ನೋಟ್‌ಬುಕ್ಕಿಗೆ ಅಂಟಿಸಿ ಮೆಸೇಜು ಕಳಿಸಿದಳು.

ರವಿಕಿರಣ್ ಎರಡೂ ಮುಕ್ಕಾಲಿಗೆ ಹೊರಟು, ಫ್ರೆಡರಿಕ್ಸ್‌ಬರ್ಗಿನ ಟ್ರಾಫಿಕ್ಕಿನಲ್ಲಿ ನರಳಿ, ಏಳೂ ಮುಕ್ಕಾಲಿಗೆ ಬಂದು ತಲುಪಿದ. ಬಾಗಿಲಲ್ಲೇ ತಾಯಿ ಅವನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

“ನನ್ನ ಸಲುವಾಗಿ ಇಷ್ಟು ದೂರ ಓಡಿ ಬಂದ್ಯಾ, ತಮ್ಮಾ?”

ರವಿಕಿರಣ್ ಹೆಂಡತಿಯ ಮುಖ ನೋಡಿದ. ಅವಳು ಗೋಡೆ ನೋಡಿದಳು.

“ಹೂಂ ಬೇ,” ಎಂದ ಅವನು.

ಆ ಎರಡು ದಿನ ಬಸವ್ವ ಮಗನನ್ನು ಬಿಟ್ಟು ಕದಲಲಿಲ್ಲ. ರಾತ್ರಿ ಊಟವಾದ ಮೇಲೂ ಅವನ ಪಕ್ಕದಲ್ಲಿ ಕೂತು, ಹೊಲದ ಕಾಗದಪತ್ರ ಯಾವ ಟ್ರಂಕಿನಲ್ಲಿವೆ, ತಮ್ಮ ಬಂಗಾರದ ಸರ ಯಾರಿಗೆ ಸೇರಬೇಕು ಎಂದೆಲ್ಲ ಗಂಭೀರವಾಗಿ ಹೇಳಿದರು. ಸಿದ್ದೇಶ್ವರಿ ಮಲಗುವ ಕೋಣೆಯ ಬಾಗಿಲಲ್ಲಿ ನಿಂತು ಎರಡು ಸಲ ಕೆಮ್ಮಿದಳು. ಬಸವ್ವ ಅವಳಿಗೆ ಕೆಮ್ಮಿಗೆಂದು ಶುಂಠಿ ಕಷಾಯ ಮಾಡಿಕೊಟ್ಟರು. ಹೇಗೋ ಕೆಲಸವಾಯಿತೆನ್ನಿ. ಗುರುವಾರ ಬೆಳಗ್ಗೆ ರಜೆ ಮುಗಿಸಿಕೊಂಡು ರವಿಕಿರಣ್ ಆಶ್‌ಬರ್ನ್‌ಗೆ ಹಿಂದಿರುಗಿದ.

ಸಿದ್ದೇಶ್ವರಿಗೆ ಇನ್ನೊಂದು ಅಭ್ಯಾಸವಿತ್ತು. ಬೆಳಗ್ಗೆ ಆರಕ್ಕೆ, ಹಾಸಿಗೆಯಿಂದ ಏಳುವ ಮುಂಚೆ, ನಾಲಿಗೆಯ ಕೆಳಗೆ ಥರ್ಮಾಮೀಟರ್. ಅಂಡ ಹೊರಬಿದ್ದ ಮೇಲೆ ಮೈಬಿಸಿ ಅರ್ಧ ಡಿಗ್ರಿಯಷ್ಟು ಏರಬೇಕು. ಗುರುವಾರ 97.3. ಶುಕ್ರವಾರ 97.3. ಶನಿವಾರ 97.2. ಗ್ರಾಫಿನಲ್ಲಿ ಆ ಗೆರೆ ಊಟ ಮಾಡಿ ಮಲಗಿದವರ ಹಾಗೆ ಅಲ್ಲಾಡದೆ ಬಿದ್ದಿತ್ತು. ಎರಡು ಉಪಕರಣ ಎರಡು ಮಾತು ಹೇಳಿದರೆ ಮೊದಲು ದಾಸ್ತಾನು ನೋಡು ಎಂಬುದು ಅವಳ ಲ್ಯಾಬಿನ ಪಾಠ. ಅವಳು ಪಟ್ಟಿಯ ಪೊಟ್ಟಣ ಸುರಿದು ಎಣಿಸಿದಳು. ಮೂವತ್ತೊಂದು ಇರಬೇಕಿತ್ತು. ಇಪ್ಪತ್ತೈದು ಇದ್ದವು.

ಮನೆಯಲ್ಲಿದ್ದವರು ಇಬ್ಬರೇ. ಎರಡನೆಯವರು ಅಡುಗೆಮನೆಯಲ್ಲಿ ಸಪ್ಪೆ ಗಂಜಿ ಕುಡಿಯುತ್ತಿದ್ದರು.

ಸಿದ್ದೇಶ್ವರಿ ಎದುರು ಕೂತು ಕೇಳಿದಳು. ಬಸವ್ವ ಮೊದಲು ಗಂಜಿ ನೋಡಿದರು, ಆಮೇಲೆ ಕಿಟಕಿ ನೋಡಿದರು, ಆಮೇಲೆ ಎಲ್ಲವನ್ನೂ ಒಪ್ಪಿಕೊಂಡರು. ಮಗನಿಗೆಂದು ಊರಿಂದ ತಂದ ಗೋಕಾಕದ ಕರದಂಟಿನ ಡಬ್ಬಿ ಅವರ ಮಂಚದ ಕೆಳಗಿತ್ತು. ದಿನಕ್ಕೊಂದು ತುಂಡು ಬಾಯಿಗೆ ಹೋಗುತ್ತಿತ್ತು, ಆಮೇಲೆ ಎರಡು. ಎದೆ ಹೊಡೆದುಕೊಳ್ಳತೊಡಗಿತು. ಬೆರಳಿಗೆ ಸೂಜಿ ಚುಚ್ಚಿ ನೋಡುವ ಮಷಿನ್ನಿಗೆ ಅವರಿಗೆ ಭಯ. ಸೊಸೆಯ ಬಳಿ ಸೂಜಿ ಬೇಡದ ಪಟ್ಟಿಯೇ ಇತ್ತಲ್ಲ. ಸೊಸೆ ಮಾಡುವುದನ್ನು ನೋಡಿ ಕಲಿತಿದ್ದರು.

“ನಿನ್ನ ಪಟ್ಟಿ ಮ್ಯಾಲೆ ಒಂದ ಗೆರಿ ಕರ್ರಗ ಇರ್ತೈತಿ, ಇನ್ನೊಂದು ಮಸಕ. ನಂದು ಎರಡೂ ಕರ್ರಗ. ಆರೂ ಸಲ ಹಂಗ ಬಂತು ನೋಡವಾ,” ಎಂದರು ಬಸವ್ವ. “ನಂದು ಮುಗೀತು ಅಂತ ತಿಳ್ಕೊಂಡೆ. ಕರದಂಟು ಬಿಟ್ಟೆ, ಚಾದಾಗ ಸಕ್ರಿ ಬಿಟ್ಟೆ.”

“ಮಂಗಳವಾರ ಮಧ್ಯಾಹ್ನ ಮುಚ್ಚಳದ ಮ್ಯಾಲೆ ಇದ್ದದ್ದು ಯಾರದ್ದು ಅತ್ತಿ?”

“ನಂದ. ನಿಂದು ಒಂದ ಗೆರಿ ಇತ್ತು, ಛಲೋ ಐತಿ ಅಂತ ಒಗದೆ. ನಂದು ಇಟ್ಟು ಕುಕ್ಕರ್ ಇಳಿಸಾಕ ಹೋದೆ. ಬಂದು ನೋಡಿದ್ರ ಅದ ಇಲ್ಲ. ನೀ ನೋಡಿ ರವಿಗೆ ಫೋನ್ ಮಾಡಿರಬೇಕು, ಪಾಪ, ನನ್ನ ಮುಂದ ಹೇಳಾಕ ಮನಸ್ಸಾಗಿಲ್ಲ ಅಂದ್ಕೊಂಡೆ.”

ಸಿದ್ದೇಶ್ವರಿ ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತಳು. ಮುಟ್ಟು ನಿಂತ ಹೆಂಗಸರಲ್ಲಿ ಎಲ್‌ಎಚ್ ಸದಾ ಮೇಲೆಯೇ ಇರುತ್ತದೆ ಎಂಬುದನ್ನು ಅವಳು ಎಲ್ಲೋ ಓದಿದ್ದಳು. ಅಂಡಾಶಯ ಕೆಲಸ ನಿಲ್ಲಿಸಿದರೂ ಮೆದುಳು ಬಿಡದೆ ಆಜ್ಞೆ ಕಳಿಸುತ್ತಲೇ ಇರುತ್ತದೆ. ಅಂದರೆ ಬಸವ್ವನವರ ಪಟ್ಟಿ ವರ್ಷದ ಮುನ್ನೂರ ಅರವತ್ತೈದು ದಿನವೂ ಎರಡು ಗೆರೆ ತೋರಿಸುವಂಥದ್ದು. ಆ ಗೆರೆಗಳನ್ನು ನಂಬಿ ಅವಳು ಗಂಡನ ಕೊನೆಯ ಎರಡು ರಜೆ ಖರ್ಚು ಮಾಡಿಸಿದ್ದಳು. ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು ಬಂತು. ಬಸವ್ವ ಗಾಬರಿಯಾಗಿ, ನನಗೆ ಅಷ್ಟು ಜಾಸ್ತಿ ಆಗಿದೆಯೇ ಎಂದು ಕೇಳಿದರು.

ಆಗ ಅವಳು ನಿಜ ಹೇಳಿದಳು. ಅಂಡ, ಹಾರ್ಮೋನು, ಐದು ತಿಂಗಳು, ವೀಸಾ, ಇಪ್ಪತ್ತಮೂರನೇ ತಾರೀಖು, ಹಲ್ಲಿನ ಚಿಕಿತ್ಸೆ, ಎಲ್ಲವನ್ನೂ. ಬಸವ್ವ ಗಂಜಿಯ ಬಟ್ಟಲನ್ನು ದೂರ ಸರಿಸಿದರು.

“ಅಂದ್ರ ನನಗ ಸಕ್ರಿ ಏರಿಲ್ಲ?”

“ಅದು ಗೊತ್ತಿಲ್ರಿ. ಈ ಪಟ್ಟಿಗೆ ಸಕ್ರಿ ಗೊತ್ತಾಗೂದಿಲ್ಲ.”

“ಇದನ್ನ ಮೊದಲ ಹೇಳಬಾರದೇನವಾ. ನಾ ಐದು ದಿನ ಸಪ್ಪನ ಗಂಜಿ ಕುಡದೆ.” ಆಮೇಲೆ ದನಿ ತಗ್ಗಿಸಿ ಕೇಳಿದರು: “ಹಂಗಾರ ನಿನ್ನ ದಿನ ಇನ್ನೂ ಬಂದಿಲ್ಲ?”

ಬಂದಿರಲಿಲ್ಲ. ಇನ್ನೂ ಬರುವುದಿತ್ತು. ಆ ಸಂಜೆ ಅತ್ತೆಯ ಬೆರಳು ಹಿಡಿದು ಸೂಜಿ ಚುಚ್ಚಿ ನೋಡಿದರೆ ನೂರ ಐವತ್ತೆಂಟು. ಬಸವ್ವ ಅಷ್ಟಕ್ಕೆ ಧೈರ್ಯ ತಂದುಕೊಂಡರು. ಕರದಂಟಿನ ಡಬ್ಬಿಯನ್ನು ತಾವಾಗಿಯೇ ಸೊಸೆಯ ವಶಕ್ಕೆ ಕೊಟ್ಟರು. ಸಿದ್ದೇಶ್ವರಿ ಅದಕ್ಕೂ ಲೇಬಲ್ ಅಂಟಿಸಿದಳು.

ಮರುದಿನ ಭಾನುವಾರ, ಹದಿನೇಳನೇ ದಿನ. ಮಧ್ಯಾಹ್ನ ಎರಡೂ ಕಾಲಿಗೆ ಅತ್ತೆ ಸೊಸೆ ಇಬ್ಬರೂ ಮುಚ್ಚಳದ ಮುಂದೆ ನಿಂತರು. ಪಟ್ಟಿಯ ಬಾಲದ ಮೇಲೆ ಪೆನ್ನಿನಲ್ಲಿ ‘ಸಿ’ ಎಂದು ಬರೆದಿತ್ತು. ಐದು ನಿಮಿಷಕ್ಕೆ ಎರಡನೇ ಗೆರೆ ಮೊದಲನೆಯದಕ್ಕಿಂತಲೂ ಕಪ್ಪಾಗಿ ಮೂಡಿತು. ಬಸವ್ವ ಕನ್ನಡಕ ಏರಿಸಿ ನೋಡಿ, ನನ್ನದಕ್ಕಿಂತ ಛಲೋ ಬಂದಿದೆ ಎಂದು ಪ್ರಮಾಣಪತ್ರ ಕೊಟ್ಟರು.

ರವಿಕಿರಣ್ ಫೋನಿನಲ್ಲಿ ಮೊದಲು ನಂಬಲಿಲ್ಲ, ಆಮೇಲೆ ನಕ್ಕ, ಆಮೇಲೆ ತನ್ನ ಪಾಳಿ ನೆನಪಿಸಿಕೊಂಡ. ಅವನು ಆ ವಾರಾಂತ್ಯ ಆನ್‌ಕಾಲ್. ಮೆಷಿನ್ನು ಕೆಟ್ಟರೆ ಅರ್ಧ ಗಂಟೆಯಲ್ಲಿ ಡೇಟಾ ಸೆಂಟರಿನಲ್ಲಿರಬೇಕು. ಬರುವುದು ಸಾಧ್ಯವೇ ಇಲ್ಲ.

“ಹಂಗಾರ ನಾವ ಹೋಗೂಣು,” ಎಂದರು ಬಸವ್ವ. ಅವರು ಆಗಲೇ ಸೀರೆ ಬದಲಿಸಿ ಬಂದಿದ್ದರು.

ಸಿದ್ದೇಶ್ವರಿ ತಡವರಿಸಿದಳು. ಹೊಗೆಯ ಅಲಾರಂ ಹೊಡೆದುಕೊಂಡರೆ ದೇವರ ಮನೆಗೆ ಓಡುವ ಅತ್ತೆಯನ್ನು ಒಂಟಿಯಾಗಿ ಬಿಟ್ಟು ಹೋಗುವಂತಿಲ್ಲ. ಆದರೆ ಇಂಥ ಕೆಲಸಕ್ಕೆ ಅತ್ತೆಯನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ಇನ್ನೂರ ಎಪ್ಪತ್ತು ಮೈಲಿ ಹೋದವರು ಯಾರಾದರೂ ಇದ್ದಾರೆಯೇ? ಮೂರಕ್ಕೆ ಐದು ನಿಮಿಷವಿರುವಾಗ ಅವರು ಹೊರಟರು. ದಾರಿಯುದ್ದಕ್ಕೂ ಬಸವ್ವ ಮಾತಾಡಿದ್ದು ಒಂದೇ ವಿಷಯ: ಸ್ಪೀಡು ಸಾಲದು. ರಿಚ್ಮಂಡ್ ದಾಟಿದ ಮೇಲೆ ಒಬ್ಬ ಲಾರಿಯವನು ಅಡ್ಡ ಬಂದಾಗ ಕಿಟಕಿಯಿಂದ ಅವನಿಗೆ ಕೈ ಮಾಡಿ, ಅವಸರ ಐತಿ ಸರಿಯೋ ಎಂದರು.

ಏಳು ಗಂಟೆ ನಲವತ್ತು ನಿಮಿಷಕ್ಕೆ ಆಶ್‌ಬರ್ನ್ ತಲುಪಿದಾಗ ನಿಜವಾದ ಸಮಸ್ಯೆ ಎದುರಿಗೇ ಸೋಫಾದ ಮೇಲೆ ಕೂತಿತ್ತು. ರವಿಕಿರಣ್ ಒಂದು ಟೌನ್‌ಹೌಸಿನ ನೆಲಮಾಳಿಗೆಯಲ್ಲಿ ಬಾಡಿಗೆಗಿದ್ದ. ಅವನ ಕೋಣೆಗೂ ಹಾಲಿಗೂ ನಡುವೆ ಇದ್ದದ್ದು ಬಡಿದರೆ ಡೋಲಿನಂತೆ ಸದ್ದು ಬರುವ ಗೋಡೆ. ಆ ಹಾಲಿನಲ್ಲಿ ಅವನ ರೂಮ್‌ಮೇಟ್, ಮೈಸೂರಿನ ಗುರುದತ್, ತಟ್ಟೆಯಲ್ಲಿ ಬಿಸಿಬೇಳೆಬಾತ್ ಇಟ್ಟುಕೊಂಡು ಕ್ರಿಕೆಟ್ ನೋಡುತ್ತಿದ್ದ. ಅತಿಥಿಗಳನ್ನು ಕಂಡು ಎದ್ದು ನಿಂತು, ಬನ್ನಿ ಆಂಟಿ, ಬನ್ನಿ ಅಕ್ಕ, ಎಲ್ಲಾ ಒಟ್ಟಿಗೆ ಮ್ಯಾಚ್ ನೋಡೋಣ ಎಂದು ಪ್ರೀತಿಯಿಂದ ಕರೆದ. ಅವನಿಗೆ ಎಲ್ಲಿಗೂ ಹೋಗುವ ಕೆಲಸವಿದ್ದಂತೆ ಕಾಣಲಿಲ್ಲ.

ರವಿಕಿರಣ್ ಹೆಂಡತಿಯನ್ನು ನೋಡಿದ. ಹೆಂಡತಿ ಗಡಿಯಾರ ನೋಡಿದಳು. ಬಸವ್ವ ಚಪ್ಪಲಿ ಬಿಡದೆಯೇ ಗುರುದತ್ತನ ಕಡೆ ತಿರುಗಿದರು.

“ತಮ್ಮಾ, ನನಗೊಂದೀಟು ತೊಗರಿಬ್ಯಾಳಿ ಬೇಕಾಗೈತಿ. ಅಂಗಡಿಗೆ ಕರ್ಕೊಂಡು ಹೋಗ್ತೀಯಾ?”

“ಈಗ್ಲಾ ಆಂಟಿ? ನಮ್ಮನೇಲೇ ಇದೆ, ಕೊಡ್ತೀನಿ.”

“ಊರಿಗೆ ಒಯ್ಯಾಕಪ್ಪ. ನಾನ ಆರಿಸಬೇಕು.”

ಅಮೆರಿಕದಿಂದ ಬೈಲಹೊಂಗಲಕ್ಕೆ ತೊಗರಿಬೇಳೆ ಒಯ್ಯುವವರನ್ನು ಗುರುದತ್ ಮೊದಲ ಸಲ ನೋಡುತ್ತಿದ್ದ. ಆದರೆ ಹಿರಿಯರಿಗೆ ಇಲ್ಲವೆನ್ನದ ಹುಡುಗ. ಏಳೂ ಐವತ್ತಕ್ಕೆ ಕೀಲಿಕೈ ತೆಗೆದುಕೊಂಡ.

ಮುಂದಿನದನ್ನು ಸಿದ್ದೇಶ್ವರಿ ಆಮೇಲೆ ಗುರುದತ್ತನ ಬಾಯಿಂದಲೇ ಕೇಳಿದಳು. ಬಸವ್ವ ಅಂಗಡಿಯಲ್ಲಿದ್ದ ಪ್ರತಿಯೊಂದು ಬೇಳೆಯ ಪೊಟ್ಟಣವನ್ನೂ ಕೈಯಲ್ಲಿ ಹಿಡಿದು, ತೂಗಿ, ಬೆಳಕಿಗೆ ಹಿಡಿದು ನೋಡಿ ವಾಪಸ್ಸಿಟ್ಟರು. ಒಂಬತ್ತಕ್ಕೆ ಅಂಗಡಿಯವರು ದೀಪ ಆರಿಸತೊಡಗಿದಾಗ ಒಂದು ಬೆಂಕಿಪೊಟ್ಟಣ ಕೊಂಡರು. ಅವನು ಮನೆಯ ಕಡೆ ಕಾರು ತಿರುಗಿಸುವಾಗ, ಮಗ ಕೆಲಸ ಮಾಡುವ ಜಾಗ ತೋರಿಸೆಂದರು. ಒಂದು ಡೇಟಾ ಸೆಂಟರ್ ತೋರಿಸಿದರೆ ಪಕ್ಕದ್ದು ಯಾರದ್ದೆಂದು ಕೇಳಿದರು. ಅದರ ಪಕ್ಕದ್ದೂ ಬೇಕಾಯಿತು. ಇಷ್ಟು ದೊಡ್ಡ ಕಟ್ಟಡಕ್ಕೆ ಕಿಟಕಿಯೇ ಇಲ್ಲವಲ್ಲ, ಒಳಗಿದ್ದವರು ಗಾಳಿಗೆ ಏನು ಮಾಡುತ್ತಾರೆ ಎಂದು ವಿಚಾರಿಸಿದರು. ತಾನೂ ಅಂಥದ್ದೇ ಒಂದು ಕಟ್ಟಡದಲ್ಲಿ ಕೆಲಸ ಮಾಡುವ ಗುರುದತ್ ವಿವರವಾಗಿ ಉತ್ತರ ಕೊಟ್ಟ. ತನ್ನ ಕೆಲಸದ ಬಗ್ಗೆ ಇಷ್ಟು ಆಸ್ಥೆಯಿಂದ ಕೇಳಿದ ಮೊದಲ ಮನುಷ್ಯರು ಬಸವ್ವ ಆಂಟಿ ಎಂದು ಅವನು ಇಂದಿಗೂ ಹೇಳುತ್ತಾನೆ.

ಅವರು ಮನೆಗೆ ಬಂದಾಗ ಒಂಬತ್ತೂವರೆ. ರವಿಕಿರಣ್ ಸೋಫಾದ ಮೇಲೆ ಕೂತು, ಗುರುದತ್ತನ ಆರಿದ ಬಿಸಿಬೇಳೆಬಾತನ್ನು ಬಿಸಿ ಮಾಡಿಕೊಂಡು ತಿನ್ನುತ್ತಿದ್ದ. ಹತ್ತು ನಿಮಿಷಕ್ಕೆ ಅವನ ಫೋನು ಬಡಿದುಕೊಂಡಿತು. ಯಾವುದೋ ಕೂಲಿಂಗ್ ಯಂತ್ರ ಕೆಟ್ಟಿತ್ತು. ಅವನು ಹೋದವನು ಸೋಮವಾರ ಮಧ್ಯಾಹ್ನದವರೆಗೆ ಬರಲಿಲ್ಲ. ಸಿದ್ದೇಶ್ವರಿ ಅಷ್ಟರಲ್ಲಿ ಅತ್ತೆಯೊಂದಿಗೆ ಮಾರಿಸ್‌ವಿಲ್‌ನ ದಾರಿ ಹಿಡಿದಾಗಿತ್ತು. ಮಂಗಳವಾರ ಬೆಳಗ್ಗೆ ಥರ್ಮಾಮೀಟರ್ 97.8 ತೋರಿಸಿತು. ಇಪ್ಪತ್ತಮೂರಕ್ಕೆ ತಾಯಿ ಮಗ ವಿಮಾನ ಹತ್ತಿದರು. ಅಲ್ಲಿ ರವಿಕಿರಣನ ಪಾಸ್‌ಪೋರ್ಟು, ಎಲ್ಲರೂ ಹೆದರಿದ್ದಂತೆಯೇ, ಯಾವುದೋ ಮೇಜಿನ ಮೇಲೆ ಕೂತುಬಿಟ್ಟಿತು. ಅದು ಹೊರಬಂದದ್ದು ಫೆಬ್ರವರಿಯಲ್ಲಿ.

ನವೆಂಬರ್ ಮೊದಲ ವಾರ ಸಿದ್ದೇಶ್ವರಿ ಬೇರೊಂದು ಬಗೆಯ ಪಟ್ಟಿ ಕೊಂಡುತಂದಳು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಆದರೂ ಅದರ ಮೇಲೆ ಹೆಸರು ಬರೆದು, ಐದು ನಿಮಿಷವೂ ಅದರ ಮುಂದೆ ಅಲುಗಾಡದೆ ನಿಂತಳು. ಅದರ ಫೋಟೋ ಬೈಲಹೊಂಗಲ ತಲುಪಿದಾಗ ಬಸವ್ವ ಮಗನಿಗೆ ಕೇಳಿದ್ದು ಒಂದೇ ಮಾತಂತೆ: ಇದು ಅವಳದ್ದೇ ಹೌದೋ ಅಲ್ಲೋ, ಸರಿಯಾಗಿ ವಿಚಾರಿಸು.

ನವೆಂಬರ್ ಮೂವತ್ತು, ಬುಧವಾರ, ಮೊದಲ ಸ್ಕ್ಯಾನ್. ರವಿಕಿರಣ್, ಬಸವ್ವ ಇಬ್ಬರೂ ಅವಳ ಫೋನಿನಲ್ಲಿದ್ದರು. ತೆರೆಯ ಮೇಲೆ ಅವರೆಕಾಳಿಗಿಂತ ತುಸು ದೊಡ್ಡದೊಂದು ಜೀವ ಪಟಪಟ ಮಿಣುಕುತ್ತಿತ್ತು. ಸಿದ್ದೇಶ್ವರಿ ಮೊದಲ ಸಲ ಏನನ್ನೂ ಎಣಿಸದೆ ಅದನ್ನೇ ನೋಡುತ್ತಿದ್ದಳು. ನರ್ಸು ಅಳೆದು ನೋಡಿ ಹುಬ್ಬು ಗಂಟಿಕ್ಕಿದಳು. ಮುಟ್ಟಿನ ಲೆಕ್ಕದಲ್ಲಿ ಎಂಟು ವಾರ ಐದು ದಿನ, ತೆರೆಯ ಲೆಕ್ಕದಲ್ಲಿ ಎಂಟು ವಾರ ಎರಡು ದಿನ. ನೀವು ಕೊಟ್ಟ ದಿನಾಂಕ ಮೂರು ದಿನ ತಪ್ಪಿರಬಹುದೇ ಎಂದು ಕೇಳಿದಳು.

ದಿನಾಂಕ ಸರಿ ಇದೆ, ಅಂಡ ತಡವಾಗಿ ಬಂತು ಎಂದಳು ಸಿದ್ದೇಶ್ವರಿ. ಹಾಗಾದರೆ ಯಾವಾಗ ಆಗಿರಬಹುದೆಂದು ಅಂದಾಜಿದೆಯೇ ಎಂದು ನರ್ಸು ಸಹಜವಾಗಿ ಕೇಳಿದಳು. ಸಾಮಾನ್ಯವಾಗಿ ಜನ ತಿಂಗಳು ಹೇಳುತ್ತಾರೆ, ಬಹಳವೆಂದರೆ ವಾರ ಹೇಳುತ್ತಾರೆ. ಅಂಡ ಮತ್ತು ವೀರ್ಯ ಕೂಡುವ ನಿಜವಾದ ಗಳಿಗೆ ಯಾರಿಗೂ ಗೊತ್ತಾಗುವುದಿಲ್ಲ, ಅದು ಮರುದಿನವೂ ಆಗಿರಬಹುದು ಎಂಬುದು ಸಿದ್ದೇಶ್ವರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ಕೇಳಿದ್ದು ಅಂದಾಜು. ಅದು ಅವಳ ಬಳಿ ಇತ್ತು.

“ಅಕ್ಟೋಬರ್ ಸಿಕ್ಸ್‌ಟೀನ್ತ್,” ಎಂದಳು ಅವಳು. “ಎಯ್ಟ್ ಫಾರ್ಟಿ ಪಿ.ಎಂ. ಪ್ಲಸ್ ಆರ್ ಮೈನಸ್ ಫಿಫ್ಟಿ ಮಿನಿಟ್ಸ್.”